ಅಮೆರಿಕಕ್ಕೆ ಹೋದವರ ಕಥೆಗಳಲ್ಲಿ ಊರಲ್ಲಿ ಉಳಿದವರು ಎಲ್ಲಿದ್ದಾರೆ?

ಪ್ರಶ್ನೆ: ಹೊಸನಗರದ ಓದುಗಿ (ಈಗ ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನಾವು ಕೆಲವು ಹೆಂಗಸರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಕಥೆ ಓದುತ್ತೇವೆ. ಇಂಗ್ಲಿಷ್ ಎಲ್ಲರಿಗೂ ಸಲೀಸಲ್ಲ. ಹಾಗಾಗಿ ಒಬ್ಬರು ಓದಿಕೊಂಡು ಬಂದು ಉಳಿದವರಿಗೆ ಕನ್ನಡದಲ್ಲಿ ಹೇಳುತ್ತಾರೆ. ಈ ವರ್ಷ ಅಮೆರಿಕಕ್ಕೆ ವಲಸೆ ಹೋದವರ ಕಥೆಗಳನ್ನು ಹಿಡಿದಿದ್ದೇವೆ. ನಮ್ಮಲ್ಲಿ ಹೆಚ್ಚಿನವರ ಮನೆಯಿಂದ ಯಾರಾದರೊಬ್ಬರು ಅಲ್ಲಿದ್ದಾರೆ. ನನ್ನ ಇಬ್ಬರು ತಮ್ಮಂದಿರೂ ಅಲ್ಲೇ. ಅಮ್ಮ ಹೊಸನಗರದ ಕಡೆ ಹಳ್ಳಿ ಮನೆಯಲ್ಲಿ ಒಬ್ಬರೇ ಇದ್ದಾರೆ.

ಮೊದಲು ಓದಿದ್ದು ಜುಂಪಾ ಲಾಹಿರಿಯವರ 'ಇಂಟರ್‌ಪ್ರಿಟರ್ ಆಫ್ ಮ್ಯಾಲಡೀಸ್'. 1999ರಲ್ಲಿ ಬಂದ ಪುಸ್ತಕ, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಅದರಲ್ಲಿ 'ಮಿಸೆಸ್ ಸೇನ್ಸ್' ಅಂತ ಒಂದು ಕಥೆ ಇದೆ. ಗಂಡ ವಿಶ್ವವಿದ್ಯಾಲಯದಲ್ಲಿ ಗಣಿತ ಮೇಷ್ಟ್ರು. ಹೆಂಡತಿ ಶಾಲೆ ಬಿಟ್ಟ ಮೇಲೆ ಎಲಿಯಟ್ ಅನ್ನುವ 11 ವರ್ಷದ ಅಮೆರಿಕನ್ ಹುಡುಗನನ್ನು ಮನೆಯಲ್ಲಿ ನೋಡಿಕೊಳ್ಳುತ್ತಾಳೆ. ನೆಲಕ್ಕೆ ಪೇಪರ್ ಹಾಸಿ ಕೂತು, ಮಣೆಗೆ ಕೂರಿಸಿದ ಬಾಗಿದ ಕತ್ತಿಯಲ್ಲಿ ರಾಶಿ ತರಕಾರಿ ಹೆಚ್ಚುತ್ತಾಳೆ. ಅಷ್ಟು ಹೊತ್ತೂ ಹುಡುಗ ಓಡಾಡುವ ಹಾಗಿಲ್ಲ, ಸೋಫಾ ಮೇಲೆ ಕೂತಿರಬೇಕು.

ಇದನ್ನು ಹೇಳುವಾಗ ನಮ್ಮ ಗುಂಪಿನಲ್ಲಿ ಯಾರಿಗೂ ವಿವರಿಸಬೇಕಾಗಲಿಲ್ಲ. ನಮ್ಮ ಮೆಟ್ಟುಗತ್ತಿ ಅಲ್ವಾ ಅದು! ನಮ್ಮ ಕಡೆ ಹಸಿ ಅಡಿಕೆ ಸುಲಿಯುವುದೂ ಅಂಥದ್ದೇ ಕತ್ತಿಯಲ್ಲಿ. ಕಾಲಲ್ಲಿ ಮಣೆ ಮೆಟ್ಟಿಕೊಂಡು, ಅಡಿಕೆಯನ್ನು ಅಲಗಿಗೆ ಒತ್ತಿ ಒಂದು ಸಲ ತಿರುವಿದರೆ ಸಿಪ್ಪೆ ಬಿಡುತ್ತದೆ, ಅಡಿಕೆ ಬುಟ್ಟಿಗೆ ಬೀಳುತ್ತದೆ. ಬೆರಳ ತುದಿಯೆಲ್ಲ ಚೊಗರಿನಿಂದ ಕಪ್ಪಾಗಿ, ಹಬ್ಬ ಬಂದರೂ ಹೋಗುವುದಿಲ್ಲ. ಕೊಯ್ಲಿನ ದಿನಗಳಲ್ಲಿ ಊಟ ಆದಮೇಲೆ ಸುಲಿತಕ್ಕೆ ಕೂತರೆ ಅಕ್ಕಪಕ್ಕದ ಮನೆಯವರು ಮುಯ್ಯಾಳಿಗೆ ಬರುತ್ತಿದ್ದರು, ಅಂದರೆ ಇವತ್ತು ಅವರು ನಮ್ಮನೆ ಕೆಲಸಕ್ಕೆ, ನಾಳೆ ನಾವು ಅವರ ಮನೆ ಕೆಲಸಕ್ಕೆ. ಜಗಲಿ ತುಂಬ ಜನ, ಮಾತು. ಈಗ ಸುಲಿಯುವ ಯಂತ್ರ ಬಂದಿದೆ.

ಮಿಸೆಸ್ ಸೇನ್ ಹುಡುಗನಿಗೆ ಇಂಥದ್ದೇ ಒಂದು ರಾತ್ರಿಯ ಕಥೆ ಹೇಳುತ್ತಾಳೆ. ಊರಲ್ಲಿ ಮದುವೆ ಅಂದರೆ ನೆರೆಯ ಹೆಂಗಸರೆಲ್ಲ ತಮ್ಮ ತಮ್ಮ ಕತ್ತಿ ತಂದು, ತಾರಸಿ ಮೇಲೆ ಸುತ್ತ ಕೂತು, ಬೆಳಗಿನವರೆಗೆ 50 ಕಿಲೋ ತರಕಾರಿ ಹೆಚ್ಚುತ್ತಾರೆ. ಆ ಗಲಾಟೆಯಲ್ಲಿ ನಿದ್ದೆ ಬರುವುದಿಲ್ಲ. ಇಲ್ಲಿ ಸದ್ದೇ ಇಲ್ಲ, ಅದಕ್ಕೇ ನಿದ್ದೆ ಬರುವುದಿಲ್ಲ. ಆಮೇಲೆ ಹುಡುಗನನ್ನು ಕೇಳುತ್ತಾಳೆ: ನಾನೀಗ ಜೋರಾಗಿ ಕಿರುಚಿಕೊಂಡರೆ ಯಾರಾದರೂ ಬರುತ್ತಾರಾ? ಹುಡುಗ ಯೋಚಿಸಿ ಹೇಳುತ್ತಾನೆ, ಫೋನ್ ಮಾಡಬಹುದು, ಆದರೆ ಗಲಾಟೆ ಜಾಸ್ತಿ ಆಯ್ತು ಅಂತ ದೂರು ಹೇಳಲಿಕ್ಕೂ ಇರಬಹುದು.

ಅದಾದ ಮೇಲೆ 'ದಿ ನೇಮ್‌ಸೇಕ್' ಓದಿದೆವು. 2003ರ ಕಾದಂಬರಿ. ಹುಟ್ಟಿದ ಮಗುವಿಗೆ ಹೆಸರಿಡುವ ಹಕ್ಕು ಆಶಿಮಾಳ ಅಜ್ಜಿಯದು. ಅಜ್ಜಿ ಹೆಸರನ್ನು ಕಾಗದದಲ್ಲಿ ಬರೆದು ಕಲ್ಕತ್ತಾದಿಂದ ಅಂಚೆಗೆ ಹಾಕುತ್ತಾಳೆ. ಅದು ಅಮೆರಿಕ ತಲುಪುವುದೇ ಇಲ್ಲ. ಕಡೆಗೆ ಹುಡುಗನಿಗೆ ಗೊಗೊಲ್ ಅನ್ನುವ ಹೆಸರು ಉಳಿಯುತ್ತದೆ, ಮುಂದಿನ ಇಡೀ ಕಥೆ ಆ ಹುಡುಗನದು.

ನನ್ನ ಮನಸ್ಸು ಮಾತ್ರ ಅಜ್ಜಿಯ ಹತ್ತಿರವೇ ನಿಂತುಬಿಟ್ಟಿತು. ಕಾಗದ ತಲುಪಲಿಲ್ಲ ಅಂತ ಗೊತ್ತಾದಾಗ ಆ ಮನೆಯಲ್ಲಿ ಏನಾಯಿತು? ಅವಳು ಯಾರ ಹತ್ತಿರ ಹೇಳಿಕೊಂಡಳು? ಈ ಕಥೆಗಳಲ್ಲಿ ಊರು ಅಂದರೆ ಒಂದು ಏರೋಗ್ರಾಮ್, ಒಂದು ಕ್ಯಾಸೆಟ್, ಹೊತ್ತಲ್ಲದ ಹೊತ್ತಿನಲ್ಲಿ ಬರುವ ಒಂದು ಫೋನ್, ಸಾವಿನ ಸುದ್ದಿ. ಅಲ್ಲಿರುವವರಿಗೆ ಊರು ಹಾಗೇ ಕಾಣುತ್ತದೇನೋ. ಆದರೆ ಕಾಗದ ಬರೆದವರು, ಫೋನ್ ಮಾಡಿದವರು ಇಲ್ಲಿಯವರು. ಅವರ ಕಡೆಯಿಂದ ಈ ಕಥೆಯನ್ನು ಯಾರಾದರೂ ಬರೆದಿದ್ದಾರಾ? ಇಂಗ್ಲಿಷೋ ಕನ್ನಡವೋ, ಯಾವುದಾದರೂ ಸರಿ. ಓದಿದವರು ದಯವಿಟ್ಟು ಹೇಳಿ.

ಉತ್ತರ: ವರದಾತೀರ (ಸಾಗರ)

ಮೇಡಂ, ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರಲಿಕ್ಕಾಗಲಿಲ್ಲ. ಏಮಿ ಟ್ಯಾನ್ ಅವರ 'ದಿ ಜಾಯ್ ಲಕ್ ಕ್ಲಬ್' ಓದಿದ್ದೀರಾ? 1989ರದ್ದು. ಚೀನಾದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ತಾಯಂದಿರು, ಅಲ್ಲೇ ಹುಟ್ಟಿದ ಹೆಣ್ಣುಮಕ್ಕಳು. ಇದರಲ್ಲಿ ತಾಯಂದಿರೂ ತಮ್ಮ ಕಥೆಯನ್ನು ತಾವೇ ಹೇಳುತ್ತಾರೆ, ಮಗಳ ನೆನಪಿನಲ್ಲಿ ಬಂದು ಹೋಗುವವರಲ್ಲ.

ಒಂದು ಊಟದ ಪ್ರಸಂಗ ಇದೆ. ಮಗಳು ವೇವರ್ಲಿ ತಾನು ಮದುವೆಯಾಗಬೇಕೆಂದಿರುವ ರಿಚ್ ಅನ್ನುವ ಅಮೆರಿಕನ್ ಹುಡುಗನನ್ನು ಅಪ್ಪ ಅಮ್ಮನ ಮನೆಗೆ ಕರೆದುಕೊಂಡು ಬರುತ್ತಾಳೆ. ಅಮ್ಮ ತನ್ನ ಕೈಯ ಅತ್ಯುತ್ತಮ ಅಡುಗೆ ತಂದಿಡುತ್ತಾಳೆ. ಇಟ್ಟು, ಯಾಕೋ ಉಪ್ಪು ಸಾಲದು, ರುಚಿಯೇ ಇಲ್ಲ ಅನ್ನುತ್ತಾಳೆ. ಮನೆಯವರಿಗೆ ಗೊತ್ತು, ಈಗ ಒಂದು ತುತ್ತು ತಿಂದು 'ಇದಕ್ಕಿಂತ ಚೆನ್ನಾಗಿ ಯಾರು ಮಾಡುತ್ತಾರೆ' ಅನ್ನಬೇಕು. ಅವರು ಬಾಯಿ ಬಿಡುವ ಮೊದಲೇ ರಿಚ್, ಸ್ವಲ್ಪ ಸೋಯಾ ಸಾಸ್ ಹಾಕಿದರೆ ಸರಿಹೋಗುತ್ತದೆ ಅಂತ ಆ ಪಾತ್ರೆಗೇ ಸುರಿದುಬಿಡುತ್ತಾನೆ. ವೇವರ್ಲಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ.

ನಮ್ಮ ಸಾಗರದ ಕಡೆ ಯಾವ ಮನೆಗೆ ಊಟಕ್ಕೆ ಹೋದರೂ ಇದೇ ಮಾತು ಅಲ್ವಾ? 'ಏನೂ ಮಾಡಿಲ್ಲ, ಬರೀ ಸಾರು ಅನ್ನ' ಅಂತಾರೆ, ಎಲೆ ಮೇಲೆ ಜಾಗ ಇರುವುದಿಲ್ಲ. ನನ್ನ ಅಳಿಯನೂ ಅಮೆರಿಕದವನು. ಮಗಳ ಬಾಣಂತನಕ್ಕೆ ಹೋಗಿದ್ದಾಗ ಒಂದು ದಿನ ಊರಿಂದ ತಂದ ಅಪ್ಪೆಮಿಡಿಯಲ್ಲಿ ಅಪ್ಪೆಹುಳಿ ಮಾಡಿದೆ. ಬಡಿಸುತ್ತಾ, ಇವತ್ತು ಅಷ್ಟು ಚೆನ್ನಾಗಿ ಬಂದಿಲ್ಲ ಅಂದೆ. ಅವನು ತುಂಬ ಕಾಳಜಿಯಿಂದ, ಪರವಾಗಿಲ್ಲ, ಮುಂದಿನ ಸಲ ಚೆನ್ನಾಗಿ ಬರುತ್ತದೆ ಅಂದ. ಆ ಹೊತ್ತಿಗೆ ಮನಸ್ಸಿಗೆ ಚುರುಕ್ ಅಂದಿದ್ದು ನಿಜ. ಆದರೆ ಆ ಹುಡುಗ ನನ್ನ ಮಾತನ್ನು ಹಾಗೇ ನಂಬಿದ್ದ. ಅದರಲ್ಲಿ ಅಗೌರವ ಎಲ್ಲಿಂದ ಬಂತು? ಕಾದಂಬರಿ ಓದುವಾಗ ನನಗೆ ರಿಚ್ ಮೇಲೆ ಸಿಟ್ಟು ಬರಲಿಲ್ಲ. ಎರಡೂ ಕಡೆಯ ನಡವಳಿಕೆ ಗೊತ್ತಿದ್ದು, ಅಡುಗೆಮನೆಗೂ ಊಟದ ಮೇಜಿಗೂ ನಡುವೆ ನಿಂತು ಬೇಯುವ ಮಗಳನ್ನು ನೋಡಿ ಸಂಕಟ ಆಯಿತು. ನನ್ನ ಮಗಳದ್ದೂ ದಿನಾ ಅದೇ ಕೆಲಸ.

ಬಾಣಂತನದಲ್ಲೂ ಹಾಗೇ. ಹೆರಿಗೆಯಾದ ಸ್ವಲ್ಪ ಹೊತ್ತಿಗೇ ನರ್ಸ್ ಐಸ್ ಹಾಕಿದ ನೀರು ತಂದಿಟ್ಟಳು. ನಾನು ಬಿಸಿನೀರು ತುಂಬಿದ ಫ್ಲಾಸ್ಕ್ ಹಿಡಿದು ನಿಂತಿದ್ದೆ. ಮಗಳು ಎರಡನ್ನೂ ನೋಡಿದಳು. ಆ ನೋಟದ ಬಗ್ಗೆಯೇ ಒಂದು ಕಥೆ ಬರೆಯಬಹುದು. ಬಿಸಿನೀರೇ ಕುಡಿದಳು ಅನ್ನಿ.

ನಿಮ್ಮ ಪ್ರಶ್ನೆಗೆ ನೇರವಾಗಿ: ಈ ಪುಸ್ತಕದಲ್ಲಿ ಸುಯುವಾನ್ ಅನ್ನುವ ತಾಯಿ ಯುದ್ಧದ ಸಮಯದಲ್ಲಿ ಓಡಿಬರುವಾಗ ಅವಳಿ ಹೆಣ್ಣುಮಕ್ಕಳನ್ನು ಚೀನಾದಲ್ಲೇ ದಾರಿ ಬದಿಯಲ್ಲಿ ಬಿಟ್ಟಿರುತ್ತಾಳೆ. ಅವಳು ಸತ್ತ ಮೇಲೆ ಅಮೆರಿಕದ ಮಗಳು ಹೋಗಿ ಆ ಅಕ್ಕಂದಿರನ್ನು ನೋಡುತ್ತಾಳೆ. ಉಳಿದವರು ಅಂದರೆ ಅವರೇ ಅಲ್ವಾ? ಆದರೆ ಅವರು ಕಾಣಿಸುವಷ್ಟರಲ್ಲಿ ಪುಸ್ತಕ ಮುಗಿದುಹೋಗುತ್ತದೆ. ನನಗೂ ಆ ಅಕ್ಕಂದಿರ ಬಾಯಿಂದ ಕೇಳಬೇಕು ಅನ್ನಿಸಿತ್ತು.

ಉತ್ತರ: ತುಂಗೆಯ ಹುಡುಗ (ನ್ಯೂಜೆರ್ಸಿ, ಊರು ಕೊಪ್ಪ)

ಅಕ್ಕ, ನಾನು ಹೋದವರ ಪೈಕಿ. ನಮ್ಮ ಕಡೆಯಿಂದ ಎರಡು ಮಾತು.

ಲಾಹಿರಿಯವರು ಹುಟ್ಟಿದ್ದು ಲಂಡನ್ನಿನಲ್ಲಿ, ಬೆಳೆದದ್ದು ರೋಡ್ ಐಲೆಂಡ್‌ನಲ್ಲಿ. ಕಲ್ಕತ್ತಾ ಅವರಿಗೆ ರಜಕ್ಕೆ ಹೋಗಿ ಬರುವ ಊರು. ಅಜ್ಜಿಯ ಮನೆಯ ಒಳಗೆ ಕೂತು ಬರೆದಿದ್ದರೆ ಅದು ಊಹೆ ಆಗುತ್ತಿತ್ತು. ತನಗೆ ಎಲ್ಲಿಂದ ಕಾಣುತ್ತದೋ ಅಲ್ಲಿಂದ ಬರೆದಿದ್ದಾರೆ. ನನಗೆ ಅದು ಸರಿ ಅನ್ನಿಸುತ್ತದೆ.

ಅವರು ಕಂಡಿದ್ದನ್ನು ಎಷ್ಟು ಸರಿಯಾಗಿ ಬರೆದಿದ್ದಾರೆ ಅಂದರೆ, 'ನೇಮ್‌ಸೇಕ್'ನಲ್ಲಿ ದುರ್ಗೆ, ಸರಸ್ವತಿ ಪೂಜೆಗಳನ್ನು ಎಲ್ಲರ ಅನುಕೂಲಕ್ಕೆ ವರ್ಷದಲ್ಲಿ ಎರಡು ಶನಿವಾರ ಇಟ್ಟುಕೊಳ್ಳುತ್ತಾರೆ, ಯಾವುದೋ ಶಾಲೆಯಲ್ಲಿ. ಥ್ಯಾಂಕ್ಸ್‌ಗಿವಿಂಗ್‌ಗೆ ಟರ್ಕಿ ಕೋಳಿ ಸುಡುತ್ತಾರೆ, ಬೆಳ್ಳುಳ್ಳಿ ಜೀರಿಗೆ ಖಾರ ಸವರಿ. ಮಕ್ಕಳಿಗೆ ದುರ್ಗೆಗಿಂತ ಕ್ರಿಸ್ಮಸ್ ಇಷ್ಟ. ನಮ್ಮ ಮನೆಯಲ್ಲೂ ಹಬ್ಬ ಬುಧವಾರ ಬಂದರೆ ಪೂಜೆ ಶನಿವಾರ. ಗಣಪತಿಯನ್ನು ಹಾಗೆ ಮುಂದೆ ಹಾಕಬಹುದು. ಭೂಮಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬ ಏನು ಮಾಡುವುದು? ಹುಣ್ಣಿಮೆಯನ್ನು ಶನಿವಾರಕ್ಕೆ ಹಾಕಲಿಕ್ಕಾಗುವುದಿಲ್ಲ. ಪೂಜೆ ಮಾಡಲಿಕ್ಕೆ ಗದ್ದೆಯೂ ಇಲ್ಲ, ಭೂಮಿತಾಯಿಗೆ ಎಡೆಯಾಗಿ ಚರಗ ಬೀರಲಿಕ್ಕೆ ತೋಟವೂ ಇಲ್ಲ. ನನ್ನ ಮಗಳಿಗೆ ಭೂಮಣ್ಣಿ ಬುಟ್ಟಿಯ ಫೋಟೋ ತೋರಿಸಿದೆ. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನಲ್ಲಿ ಬರೆದ ಚಿತ್ತಾರ ನೋಡಿ ಚಂದ ಇದೆ ಅಂದಳು. ಆ ಬುಟ್ಟಿ ತಲೆ ಮೇಲೆ ಹೊತ್ತು ನಸುಕಿನಲ್ಲಿ ಗದ್ದೆಗೆ ಹೋಗುವುದನ್ನು ಅವಳಿಗೆ ಹೇಗೆ ಕೊಡಲಿ? ಈ ಕಷ್ಟ ಲಾಹಿರಿಯವರ ಪುಸ್ತಕದಲ್ಲಿದೆ. ಅದಕ್ಕೇ ಅವರು ನನಗೆ ಹತ್ತಿರ.

ಕನ್ನಡದಲ್ಲಿ ಗುರುಪ್ರಸಾದ್ ಕಾಗಿನೆಲೆಯವರ 'ಹಿಜಾಬ್' ಓದಿ. ಮಿನ್ನೆಸೋಟಾದಲ್ಲಿ ವೈದ್ಯರಾಗಿರುವವರು ಅವರು. ಆಫ್ರಿಕಾದಿಂದ ಬಂದು ನೆಲೆಸಿದ ಹೆಂಗಸರು ಸಿಸೇರಿಯನ್ ಬೇಡ ಅನ್ನುತ್ತಾರೆ, ಆಸ್ಪತ್ರೆಯಲ್ಲಿ ನಮ್ಮವರೇ ಡಾಕ್ಟರ್. ತಾನೂ ವಲಸೆ ಬಂದವನೇ ಇನ್ನೊಬ್ಬ ವಲಸಿಗಳ ನಂಬಿಕೆಯ ಎದುರು ಅಮೆರಿಕದ ಪರವಾಗಿ ನಿಲ್ಲಬೇಕಾದ ಸ್ಥಿತಿ. ಇಂಥದ್ದು ನಾನು ಇಂಗ್ಲಿಷಿನಲ್ಲೂ ಹೆಚ್ಚು ಕಂಡಿಲ್ಲ.

ಇನ್ನೊಂದು, ನಿಮ್ಮ ಅಮ್ಮ ಒಬ್ಬರೇ ಇದ್ದಾರೆ ಅಂದಿರಲ್ಲ. ನೀವು ಓದಿದ ಪುಸ್ತಕದ ಕೊನೆಯ ಕಥೆ 'ದಿ ಥರ್ಡ್ ಅಂಡ್ ಫೈನಲ್ ಕಾಂಟಿನೆಂಟ್' ಇನ್ನೊಮ್ಮೆ ಓದಿ. 1969, ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷ. ಬಂಗಾಳದ ಹುಡುಗ ಬಾಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ ವಾರಕ್ಕೆ 8 ಡಾಲರ್ ಬಾಡಿಗೆಗೆ ಇರುತ್ತಾನೆ. ಮಿಸೆಸ್ ಕ್ರಾಫ್ಟ್‌ಗೆ 103 ವರ್ಷ. ಮಗಳು ಹೆಲೆನ್ ವಾರಕ್ಕೊಮ್ಮೆ ಬಂದು ಸೂಪ್ ಮಾಡಿಟ್ಟು ಹೋಗುತ್ತಾಳೆ, ಅಷ್ಟೇ. ಇಷ್ಟು ವಯಸ್ಸಾದವರನ್ನು ಹೀಗೆ ಒಬ್ಬರನ್ನೇ ಬಿಡುತ್ತಾರಾ ಅಂತ ಹುಡುಗ ದಂಗಾಗುತ್ತಾನೆ.

ಕಳೆದ ಬೇಸಿಗೆಯಲ್ಲಿ ಕೊಪ್ಪಕ್ಕೆ ಬಂದಾಗ ನಮ್ಮ ಕೇರಿಯ ಉದ್ದಕ್ಕೂ ನಡೆದೆ. ದೊಡ್ಡ ದೊಡ್ಡ ಮನೆಗಳು. ಒಂದೊಂದರಲ್ಲೂ ಒಬ್ಬರೋ ಇಬ್ಬರೋ ವಯಸ್ಸಾದವರು. ಗೇಟಿಗೆ ಕ್ಯಾಮೆರಾ. ಅದರ ಚಿತ್ರ ನೋಡುವವರು ಬೆಂಗಳೂರಿನಲ್ಲಿ, ಡಲ್ಲಾಸ್‌ನಲ್ಲಿ. ಹೆಲೆನ್ ವಾರಕ್ಕೊಮ್ಮೆಯಾದರೂ ಬರುತ್ತಿದ್ದಳು. ನಾನು ವರ್ಷಕ್ಕೊಮ್ಮೆ ಬರುತ್ತೇನೆ. ಯಾವುದು ಅವರ ಸಂಸ್ಕೃತಿ, ಯಾವುದು ನಮ್ಮದು ಅಂತ ಆ ಕಥೆ ಓದುವಾಗ ಈಗ ನನಗೆ ಅಷ್ಟು ಸುಲಭಕ್ಕೆ ಹೇಳಲಿಕ್ಕಾಗುವುದಿಲ್ಲ.

ಉತ್ತರ: ನಿವೃತ್ತ ಮೇಷ್ಟ್ರು (ತೀರ್ಥಹಳ್ಳಿ)

ಒಳ್ಳೆಯ ಚರ್ಚೆ. ಕೊಪ್ಪದವರೇ, ನೀವು ಹೇಳಿದ್ದಕ್ಕೆ ಸ್ವಲ್ಪ ಚರಿತ್ರೆ ಸೇರಿಸುತ್ತೇನೆ. 'ನೇಮ್‌ಸೇಕ್' ಶುರುವಾಗುವುದು 1968ರಲ್ಲಿ. ಅದು ಆಕಸ್ಮಿಕವಲ್ಲ. 1924ರ ಕಾನೂನು ಏಷ್ಯಾದವರಿಗೆ ಅಮೆರಿಕದ ಬಾಗಿಲನ್ನು ಹೆಚ್ಚು ಕಡಿಮೆ ಮುಚ್ಚಿತ್ತು. 1965ರ ಕಾನೂನು ತೆರೆಯಿತು, ಅದರಲ್ಲೂ ಓದಿದವರಿಗೆ. ಹಾಗಾಗಿ ಲಾಹಿರಿಯವರ ಪಾತ್ರಗಳೆಲ್ಲ ಎಂಜಿನಿಯರು, ಪ್ರೊಫೆಸರು. ಊಟಕ್ಕೆ ತತ್ವಾರವಿಲ್ಲ. ಜಗಳವೆಲ್ಲ ಹೆಸರು, ಮೀನು, ಮದುವೆ ಇಂಥದ್ದರ ಸುತ್ತ, ಅದೂ ತಗ್ಗಿದ ದನಿಯಲ್ಲಿ.

ಅದಕ್ಕೂ ಹಿಂದೆ ಹೋದವರ ಕಥೆ ಬೇರೆ. ಆಂಜಿಯಾ ಯೆಜಿಯರ್‌ಸ್ಕಾ ಅವರ 'ಬ್ರೆಡ್ ಗಿವರ್ಸ್' 1925ರಲ್ಲಿ ಬಂತು. ನ್ಯೂಯಾರ್ಕಿನ ಬಡ ಯಹೂದಿ ಕೇರಿ. ಅಪ್ಪ ದಿನವಿಡೀ ಧರ್ಮಗ್ರಂಥ ಓದುತ್ತಾ ಕೂರುತ್ತಾನೆ. ಹೆಣ್ಣುಮಕ್ಕಳು ದುಡಿದು ತಂದು ಅವನ ಕೈಗೆ ಕೊಡಬೇಕು. ಅವರು ಮೆಚ್ಚಿದ ಹುಡುಗರನ್ನು ಓಡಿಸಿ, ತನಗೆ ತೋಚಿದವರಿಗೆ ಕಟ್ಟುತ್ತಾನೆ. ಕಿರಿಯಳು ಸಾರಾ ಮನೆ ಬಿಟ್ಟು ಹೋಗಿ, ಬಟ್ಟೆ ಇಸ್ತ್ರಿ ಮಾಡಿ ಓದಿ, ಟೀಚರ್ ಆಗುತ್ತಾಳೆ. ನಮ್ಮ ಅಗ್ರಹಾರದ ಮನೆಗಳನ್ನು ಒಳಗಿಂದ ನೋಡಿದವರಿಗೆ ಆ ಅಪ್ಪ ಹೊಸಬನಲ್ಲ. ಸಾರಾಗೆ ಅಮೆರಿಕ ಎಂದರೆ ಮೌನವಲ್ಲ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಸ್ವಂತ ಕೋಣೆ.

ಈ ಮಾತು ಯಾಕೆ ಹೇಳುತ್ತೇನೆಂದರೆ, ಇಲ್ಲಿ ಎಲ್ಲರೂ ಮಿಸೆಸ್ ಸೇನ್‌ಳ ತಾರಸಿಯನ್ನು ಮೆಚ್ಚಿಕೊಂಡಿದ್ದೀರಿ. ಊರಲ್ಲಿ ಕಿರುಚಿದರೆ ಜನ ಓಡಿ ಬರುತ್ತಾರೆ ಎನ್ನುವುದು ನಿಜ. ಮ್ಯಾಕ್ಸಿನ್ ಹಾಂಗ್ ಕಿಂಗ್ಸ್‌ಟನ್ ಅವರ 'ದಿ ವುಮನ್ ವಾರಿಯರ್' (1976) ಶುರುವಾಗುವುದೇ ಹಾಗೆ ಓಡಿ ಬಂದ ಜನರಿಂದ. ಚೀನಾದ ಹಳ್ಳಿಯಲ್ಲಿ ಗಂಡ ಊರಲ್ಲಿಲ್ಲದಾಗ ಬಸುರಾದ ಹೆಂಗಸಿನ ಮನೆಗೆ ಊರವರು ನುಗ್ಗಿ ಎಲ್ಲ ಒಡೆದುಹಾಕುತ್ತಾರೆ. ಅವಳು ಹೆತ್ತ ಕೂಸಿನೊಂದಿಗೆ ಬಾವಿಗೆ ಬೀಳುತ್ತಾಳೆ. ಆ ಗಂಡ ಎಲ್ಲಿಗೆ ಹೋಗಿದ್ದ ಗೊತ್ತೇ? ಅಮೆರಿಕಕ್ಕೆ, ದುಡಿಯಲು. ಮೇಡಂ, ಊರಲ್ಲಿ ಉಳಿದವರ ಕಥೆ ಕೇಳಿದಿರಲ್ಲ, ಇದು ಅದೇ. ಬರೆದವಳು ಆ ಹೆಂಗಸಿನ ಅಣ್ಣನ ಮಗಳು, ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವಳು. ಯಾರಿಗೂ ಹೇಳಬೇಡ ಎಂದು ತಾಯಿ ಹೇಳಿದ್ದನ್ನೇ ಪುಸ್ತಕ ಮಾಡಿದ್ದಾಳೆ.

ದೂರ ಹೋದವರಿಗೆ ಊರು ಸಿಹಿಯಾಗಿಯೇ ಕಾಣುತ್ತದೆ ಎಂದೇನಿಲ್ಲ. ನಮ್ಮ ಮೇಳಿಗೆಯ ಅನಂತಮೂರ್ತಿಯವರು 'ಸಂಸ್ಕಾರ' ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ. ಹೆಣ ಮನೆಯಲ್ಲಿದೆ, ಸುಡಲು ಯಾರೂ ಮುಂದೆ ಬರುವುದಿಲ್ಲ. ಇಂಥ ಅಗ್ರಹಾರವನ್ನು ಅಷ್ಟು ದೂರದಲ್ಲಿ ಕೂತು ಅಷ್ಟು ಹತ್ತಿರದಿಂದ ನೋಡಿದರು. ಅದನ್ನು ಇಂಗ್ಲಿಷಿಗೆ ತಂದ ಎ. ಕೆ. ರಾಮಾನುಜನ್ ಷಿಕಾಗೋದಲ್ಲಿದ್ದವರು.

ಉಳಿದವರ ಬಗ್ಗೆ ಕನ್ನಡದಲ್ಲಿ ಬೇಕೆಂದರೆ ನಾ. ಡಿಸೋಜರ 'ದ್ವೀಪ' ಓದಿ. ಅಮೆರಿಕವಿಲ್ಲ, ಶರಾವತಿ ಇದೆ. ಅಣೆಕಟ್ಟಿನ ನೀರು ಏರುತ್ತಿದ್ದರೂ ನೆಲ ಬಿಡಲಾಗದೆ ಉಳಿದ ಒಂದು ಮನೆಯವರ ಕಥೆ. ಹೊಸನಗರದವರಿಗೆ ಮುಳುಗಡೆ ಏನೆಂದು ನಾನು ಹೇಳಬೇಕಿಲ್ಲ.

ಮತ್ತೆ: ಹೊಸನಗರದ ಓದುಗಿ

ಎಲ್ಲರಿಗೂ ತುಂಬ ಧನ್ಯವಾದ. ಮೇಷ್ಟ್ರೇ, 'ವುಮನ್ ವಾರಿಯರ್'ನ ಆ ಮೊದಲ ಭಾಗ ಓದಿದೆ. ಎರಡು ದಿನ ಬೇರೇನೂ ಓದಲಿಕ್ಕಾಗಲಿಲ್ಲ. ಓಡಿ ಬರುವ ಜನ ಯಾವುದಕ್ಕೆ ಬರುತ್ತಾರೆ ಅನ್ನುವುದನ್ನೂ ಕೇಳಬೇಕು ಅನ್ನುವ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಮಿಸೆಸ್ ಸೇನ್‌ಳ ತಾರಸಿಯನ್ನು ಬಿಟ್ಟುಕೊಡುವುದಿಲ್ಲ. ಮುಯ್ಯಾಳಿಗೆ ಬಂದವರ ಕೈಯಿಂದಲೇ ನಮ್ಮನೆ ಅಡಿಕೆ ಒಣಗಿ ಮಂಡಿಗೆ ಹೋಗುತ್ತಿತ್ತು, ಅದೂ ನಿಜ.

ಕೊಪ್ಪದ ತಮ್ಮ, ಹೋದ ವಾರ ಊರಿಗೆ ಹೋದಾಗ ಅಮ್ಮನಿಗೆ ಮಿಸೆಸ್ ಕ್ರಾಫ್ಟ್ ಕಥೆ ಹೇಳಿದೆ. ಅಮ್ಮನಿಗೆ ಬೇಜಾರಾಗುತ್ತದೇನೋ ಅಂತ ಅಂಜಿಕೊಂಡೇ ಹೇಳಿದ್ದು. ಅವರಿಗೆ ಮುದುಕಿಯ ಬಗ್ಗೆ ಅಯ್ಯೋ ಅನ್ನಿಸಲೇ ಇಲ್ಲ. ಮಗಳಿಗೆ ಎಷ್ಟು ವಯಸ್ಸು ಅಂತ ಕೇಳಿದರು. 68 ಅಂದೆ. 'ಅವಳಿಗೂ ಕಾಲು ನೋವು ಇರತ್ತೆ, ಪಾಪ. ಆದರೂ ವಾರ ವಾರ ಬರ್ತಾಳಲ್ಲ' ಅಂದರು. ಆಮೇಲೆ, ಆ ಹುಡುಗ ಬಾಡಿಗೆ ಹಣವನ್ನು ಅಜ್ಜಿಯ ಕೈಗೇ ಕೊಟ್ಟನಾ ಅಂತ ಕೇಳಿದರು. ಪಿಯಾನೋ ಮೇಲಿಡಲು ಹೇಳಿದ್ದರೂ ಅವನು ಕೈಗೇ ಕೊಟ್ಟ ಅಂದೆ. ಒಳ್ಳೆ ಹುಡುಗ ಅಂದರು. ನಮ್ಮ ಮೇಲಿನ ಎರಡು ಕೋಣೆ ಖಾಲಿ ಬಿದ್ದಿದೆ, ಈ ಕಡೆ ಶಾಲೆಗೆ ವರ್ಗವಾಗಿ ಬಂದ ಮೇಷ್ಟ್ರು ಯಾರಾದರೂ ಇದ್ದರೆ ಕೇಳು ಅಂತ ಅಲ್ಲೇ ನನಗೆ ಕೆಲಸವನ್ನೂ ಹಚ್ಚಿದರು.

ನಾನು ಇಷ್ಟು ದಿನ ಅಮ್ಮ ಕಾಯುತ್ತಿದ್ದಾರೆ ಅಂತಲೇ ಅಂದುಕೊಂಡು ಓದುತ್ತಿದ್ದೆ. ಉಳಿದವರ ಕಥೆ ಯಾರಾದರೂ ಬರೆದರೆ ಇದನ್ನೂ ಬರೆಯಲಿ. ಕೋಣೆ ಬಾಡಿಗೆಗೆ ಕೊಡುವ ಲೆಕ್ಕ, ಸುಲಿಯುವ ಯಂತ್ರದವನ ಹತ್ತಿರ ಚೌಕಾಶಿ, ರಾತ್ರಿ ಮೊಮ್ಮಗನಿಗೆ ವಿಡಿಯೋ ಕಾಲ್‌ನಲ್ಲಿ ಕರುವನ್ನು ತೋರಿಸುವುದು, ಎಲ್ಲ.

ಮುಂದಿನ ತಿಂಗಳು ನಮ್ಮ ಗುಂಪಿಗೆ 'ಬ್ರೆಡ್ ಗಿವರ್ಸ್'. ಹೇಳುವ ಸರದಿ ನನ್ನದೇ. ಮೇಷ್ಟ್ರೇ, ನಿಮ್ಮ ಹತ್ತಿರ ಪ್ರತಿ ಇದ್ದರೆ ತೀರ್ಥಹಳ್ಳಿಗೆ ಬಂದು ತೆಗೆದುಕೊಂಡು ಹೋಗುತ್ತೇನೆ, ಓದಿ ಜೋಪಾನವಾಗಿ ವಾಪಸ್ ಕೊಡುತ್ತೇನೆ. ವರದಾತೀರದ ಅಕ್ಕ, ಶಿವಮೊಗ್ಗಕ್ಕೆ ಬರುವ ಹಾಗಿದ್ದರೆ ನೀವೂ ಬನ್ನಿ. ಮಗಳು ಎರಡು ನೀರನ್ನೂ ನೋಡಿದ ಆ ಸಂಗತಿಯನ್ನು ನಮ್ಮವರಿಗೆ ನೀವೇ ಹೇಳಬೇಕು.